ಸೈರನ್ನಿಗೆ ಶ್ರುತಿ ಮಾಡಿದ ಗಿಟಾರು

ಎಂಬತ್ತರ ದಶಕದಲ್ಲಿ ಹಟ್ಟಿಯಿಂದ ಮಸ್ಕಿವರೆಗೆ ಹುಚ್ಚು ಹಿಡಿಸಿದ್ದ ನಮ್ಮೂರು ಹಟ್ಟಿಯ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಮಲ್ಲಣ್ಣ ಇವತ್ತು ಸಿಂಧನೂರಿನ ನಮ್ಮ ಮನೆಗೆ ಬಂದಿದ್ದರು, ಗೆಳೆಯರೇ. ಮಗಳ ಗಿಟಾರು ಕೊಟ್ಟೆ. ಕಣ್ಣು ಮುಚ್ಚಿ, ಹಟ್ಟಿ ಚಿನ್ನದ ಗಣಿಯ ಪಾಳಿ ಸೈರನ್ನು ನೆನೆದು, ಅದೇ ಸ್ವರಕ್ಕೆ ತಂತಿ ಬಿಗಿದರು. ಮೊದಲಿನಿಂದಲೂ ಅವರ ಶ್ರುತಿಪೆಟ್ಟಿಗೆ ಅದೇ.

ಮಗಳು ಫೋನಿನ ಟ್ಯೂನರ್ ಹಿಡಿದಳು. "ಅಜ್ಜಾರ, ಆರೂ ತಂತಿ ತಪ್ಪು ಅದಾವ್ರೀ."

"ಆ ಸೈರನ್ನಿಗೆ ಇಡೀ ಹಟ್ಟಿ ಎದ್ದು ಡ್ಯೂಟಿಗೆ ಹೋಗ್ತಿತ್ತವ್ವಾ. ಅದು ಹ್ಯಾಂಗ ತಪ್ಪಾಗ್ತೈತಿ?"

ನುಡಿಸಿದರು. ಪಾಳಿ ಮುಗಿಸಿದವರು ಹಣೆಯ ದೀಪ ಆರಿಸದೆ ಕ್ವಾರ್ಟರ್ಸ್ ದಾರಿಯಲ್ಲಿ ನಿಂತು ಕೇಳುತ್ತಿದ್ದುದು ಕಣ್ಣೆದುರು ತೇಲಿತು. ಅವರೊಳಗೆ ನನ್ನಪ್ಪನೂ ಇದ್ದ.

ಬಾಲ್ಯದಲ್ಲಿ ರೇಡಿಯೋದ ಹಾಡೆಲ್ಲ ನನಗೇಕೆ ಚೂರು ಅಪಸ್ವರ ಅನ್ನಿಸುತ್ತಿತ್ತೆಂದು ಇವತ್ತು ಗೊತ್ತಾಯಿತು. ಗೊತ್ತಾದ ಮೇಲೂ ಹೇಳುತ್ತೇನೆ, ತಪ್ಪು ರೇಡಿಯೋದ್ದೇ.