ಅಪ್ಪನ ಸ್ಕೂಟರಿನ ನಂಬರು

ಬಸವಕಲ್ಯಾಣದ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಾಲುತ್ತದೋ ಇಲ್ಲವೋ ಎಂದು ಅಧ್ಯಯನ ಮಾಡಿ ವರದಿ ಕೊಡುವ ಕೆಲಸ ನಗರಸಭೆಯಿಂದ ಬಂದಾಗ ನಾನು ಹಿಗ್ಗಿಹೋಗಿದ್ದೆ. ಹುಮನಾಬಾದಿನ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುವವಳು ನಾನು. ತವರೂರಿನ ಕೆಲಸವೆಂದರೆ ಸುಮ್ಮನೆ ಮಾತಲ್ಲ.

ಬೀದಿ ತುಂಬಿದೆ ಎಂದು ವರದಿ ಹೇಳಿದರೆ ಅಂಗಡಿ ಸಾಲಿನ ಪಕ್ಕದ ಬಯಲು ಪಾರ್ಕಿಂಗಿಗೆ ಹೋಗುತ್ತಿತ್ತು. ಆ ಬಯಲಿನಲ್ಲಿ ಹಳ್ಳಿಯ ಹೆಂಗಸರು ಕಾಯಿಪಲ್ಯ ಮಾರುತ್ತಿದ್ದರು. ಮೋರಖಂಡಿಯಿಂದ ಬರುವ ಒಬ್ಬಾಕೆ ನನಗೆ ಚಿಕ್ಕಂದಿನಿಂದ ಪರಿಚಯ. ಗಂಡ ಕುರಿಗಳ ಹಿಂದೆ, ಈಕೆ ಪುಂಡಿಪಲ್ಯದ ಸೊಪ್ಪಿನ ಬುಟ್ಟಿಯ ಮುಂದೆ. ಎಷ್ಟೇ ಕೊಳ್ಳಲಿ, ಮೇಲೊಂದು ಹಿಡಿ ಕೊಸರು ಹಾಕದೆ ನನ್ನನ್ನು ಕಳಿಸಿದವಳಲ್ಲ.

"ನಮ್ಮನ್ನ ಇಲ್ಲಿಂದ ಎಬ್ಬಸ್ತಾರಂತಲ್ರಿ ಅಕ್ಕಾ, ಖರೇ ಏನ್ರಿ?" ಎಂದು ಕೇಳಿದಳು.

"ಹ್ಯಾಂಗ ಎಬ್ಬಸ್ತಾರ? ಎಣಸಾಕಿ ನಾನೇ ಇದ್ದೀನಲ್ಲ" ಎಂದೆ. ಆಹಾ, ನನ್ನ ಠೀವಿಯೇ.

ಎಣಿಕೆಯ ದಿನ ಮೊದಲೇ ಯಾರಿಗೂ ಗೊತ್ತಾಗಬಾರದು. ನಾನು ಒಬ್ಬರಿಗೆ ಮಾತ್ರ ಹೇಳಿದೆ, ನನ್ನ ಸೋದರಮಾವನಿಗೆ. ಅವರ ಬಟ್ಟೆ ಅಂಗಡಿಯ ಮಾಳಿಗೆ ಕಿಟಕಿಯಿಂದ ಇಡೀ ಬೀದಿ ಕಾಣುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರು. ಅವರನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು?

ಅಂದು ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಲ್ಲೇ ಕೂತು ಪ್ರತಿ ಅರ್ಧ ಗಂಟೆಗೊಮ್ಮೆ ನಿಂತ ಗಾಡಿಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುತ್ತ ಹೋದೆ. ಮಾಮಾ ಹೊತ್ತುಹೊತ್ತಿಗೆ ಚಹಾ, ಚುರುಮುರಿ ಸುಸಲಾ ಮೇಲಕ್ಕೇ ಕಳಿಸಿದರು. "ನೀ ಕೆಳಗ ಇಳೀಬ್ಯಾಡವ್ವಾ, ಬಿಸಲದ" ಎಂದರು. ನನ್ನ ಮೇಲೆ ಎಷ್ಟು ಕಕ್ಕುಲಾತಿ ಎಂದುಕೊಂಡೆ.

ಸಂಜೆ ಹುಮನಾಬಾದಿನ ಬಸ್ಸಿನಲ್ಲಿ ಹಾಳೆ ತಿರುವಿದೆ. ಪೇಟೆಗೆ ಬಂದ ಗಾಡಿ ಸಾಮಾನು ಕೊಂಡು ಹೋಗಬೇಕು. ಇವುಗಳಲ್ಲಿ ಅರ್ಧಕ್ಕರ್ಧ ಬೆಳಗಿನಿಂದ ಸಂಜೆಯವರೆಗೆ ಅಲ್ಲಾಡಿರಲೇ ಇಲ್ಲ. ಒಂದು ನಂಬರಿನ ಮೇಲೆ ನನ್ನ ಬೆರಳು ನಿಂತಿತು. ನಂಬರು ಮಾತ್ರ ಕಾಣುವಂತೆ ಹೊದಿಕೆ ಹೊದಿಸಿ ನಿಲ್ಲಿಸಿದ್ದ ಸ್ಕೂಟರಿನದು ಅದು. ಅಪ್ಪ ನನ್ನನ್ನು ಶಾಲೆಗೆ ಬಿಡುತ್ತಿದ್ದ ಸ್ಕೂಟರು. ಇಂಜಿನ್ ಕೆಟ್ಟು ವರ್ಷಗಟ್ಟಲೆ ಮಾಮನ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ದಬ್ಬಿಕೊಂಡು ಬಂದು ನಿಲ್ಲಿಸಿದ್ದರು. ಅಪ್ಪನ ಸ್ಕೂಟರಿನ ನಂಬರನ್ನು ದಿನವಿಡೀ ನಾನೇ ಬರೆದಿದ್ದೆ, ಗುರುತು ಸಿಗದೆ. ಬಸ್ಸು ತುಂಬ ಜನ, ಅಳಲೂ ಆಗಲಿಲ್ಲ.

ಮರುದಿನ ಹೋಗಿ ಕೇಳಿದೆ. ಮಾಮಾ ತಪ್ಪಿಸಿಕೊಳ್ಳಲೂ ನೋಡಲಿಲ್ಲ. "ಹೌದು, ಸಾಲಿನವರಿಗೆಲ್ಲ ನಾನೇ ಹೇಳೀನಿ. ಮನ್ಯಾಗಿನ ಗಾಡಿ ತಂದು ನಿಲ್ಲಸ್ರಿ ಅಂದೆ. ಗಿರಾಕಿಗಳು ಕಾರ್ ನಿಲ್ಲಸಾಕ ಜಾಗಾ ಇಲ್ದ ತಿರುಗಿ ಹೋಗಾಕತ್ತಾರ. ಗಾಡಿ ನಿಂತಿದ್ವು, ನೀ ಎಣಿಸೀದಿ. ಇದರಾಗ ಸುಳ್ಳ ಏನದ?" ಎಂದರು. ಆಮೇಲೆ ನಗುತ್ತ, "ನಿಮ್ಮ ಅಪ್ಪನ ಗಾಡಿ ಭೀ ಒಂದು ಕೆಲಸಕ್ಕ ಬಂತು ನೋಡವ್ವಾ" ಎಂದರು. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮುಂದಿನ ವಾರ ಹೇಳದೆ ಕೇಳದೆ ಬಂದು ಮತ್ತೆ ಎಣಿಸಿದೆ. ಅರ್ಧ ಬೀದಿ ಖಾಲಿ. ಎರಡೂ ಎಣಿಕೆಗಳನ್ನು ವರದಿಗೆ ಸೇರಿಸಿದೆ. ಎರಡಕ್ಕೂ ಇಷ್ಟು ವ್ಯತ್ಯಾಸ ಯಾಕೆ ಎಂದು ಕಾರಣ ಬರೆಯುವ ಜಾಗ ಬಂತು. ಓದಿಸಿದ ಮಾವನ ಮರ್ಯಾದೆ ಕಣ್ಣ ಮುಂದೆ ನಿಂತಿತು. "ಪೇಟೆಯ ಸಹಜ ಏರಿಳಿತ" ಎಂದು ಬರೆದು ಸಹಿ ಹಾಕಿದೆ. ನಗರಸಭೆಯವರು ಹೆಚ್ಚಿದ್ದ ಎಣಿಕೆಯನ್ನೇ ಹಿಡಿದರು.

ಈಗ ಬಯಲಿಗೆ ಸರಪಳಿ ಬಿದ್ದಿದೆ, ಒಳಗೆ ಗಾಡಿಗಳು ನಿಲ್ಲುತ್ತವೆ. ಅಪ್ಪನ ಸ್ಕೂಟರನ್ನು ಯಾರೂ ಹಿತ್ತಲಿಗೆ ಒಯ್ದಿಲ್ಲ, ಅದೂ ಅಲ್ಲೇ ಒಂದು ಮೂಲೆಯಲ್ಲಿದೆ. ಮೊನ್ನೆ ನೋಡಿದರೆ ಮೋರಖಂಡಿಯವಳು ಚರಂಡಿಯ ಆಚೆ, ನೆರಳಿಲ್ಲದ ಕಡೆ ಬುಟ್ಟಿ ಇಟ್ಟುಕೊಂಡಿದ್ದಳು. ಹೋಗಿ ಪುಂಡಿಪಲ್ಯ ಕೇಳಿದೆ.

"ನೀವೇ ಬರದೀರಂತಲ್ರಿ ಅಕ್ಕಾ?"

"ಹೌದು" ಎಂದೆ. ಮಾಮನ ಹೆಸರು ಬಾಯಿಯವರೆಗೆ ಬಂದಿತ್ತು, ಆದರೆ ಸಹಿ ನನ್ನದು.

ಕೇಳಿದಷ್ಟು ಪಲ್ಯ ತೂಗಿ ಚೀಲಕ್ಕೆ ಹಾಕಿದಳು. ಕೊಸರಿಗೆಂದು ನಾನು ಚೀಲದ ಬಾಯಿ ತೆರೆದು ಹಿಡಿದುಕೊಂಡೇ ನಿಂತಿದ್ದೆ. ಅವಳು ಮುಂದಿನ ಗಿರಾಕಿಯ ಕಡೆ ತಿರುಗಿದಳು.