ದೇವರ ಕಪಾಟಿನಲ್ಲಿ ಬಚ್ಚಿಟ್ಟ ಆಟ

ಮನೆಯಲ್ಲಿ ಫಿಸಿಕ್ಸ್ ಟ್ಯೂಷನ್ ಹೇಳುವವಳು ನಾನು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ತಣ್ಣನೆಯ ಗಾಳಿ ಅದರ ಜಾಗಕ್ಕೆ ಬರುತ್ತದೆ, ಬರಲು ದಾರಿಯೇ ಇಲ್ಲದಿದ್ದರೆ ಶಾಖ ಅಲ್ಲೇ ಕೂಡಿಬೀಳುತ್ತದೆ ಎಂದು ಜಯನಗರದ ಎಷ್ಟೋ ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿದ್ದೇನೆ. ಹಾಗೆ ಹೇಳುತ್ತಿದ್ದ ಹಾಲ್‌ನಲ್ಲೇ ಒಂದು ಗೇಮ್ ಕನ್ಸೋಲನ್ನು ಮರದ ಕಪಾಟಿನೊಳಗಿಟ್ಟು, ಬಾಗಿಲು ಹಾಕಿ, ಉಸಿರುಗಟ್ಟಿಸಿದವಳೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕನ್ಸೋಲ್ ನನ್ನದೇ. ಮಗಳದ್ದಲ್ಲ, ಗಂಡನದ್ದೂ ಅಲ್ಲ. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ, ಗಂಡನಿಗೆ ಭಾನುವಾರದ ಕೇರಂ ಸಾಕು. ಐವತ್ತು ದಾಟಿದ ಮೇಲೆ ನನಗೆ ಹಿಡಿದ ಹುಚ್ಚು ಇದು. ಸಾರಕ್ಕಿ ಸಿಗ್ನಲ್‌ನಲ್ಲಿ ಸ್ಕೂಟರಿನ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿ, ಬಸ್ಸಿನ ಹೊಗೆ ಕುಡಿಯುತ್ತ ಅರ್ಧ ಆಯಸ್ಸು ಕಳೆದವಳಿಗೆ ಆ ಆಟದ ಖಾಲಿ ರಸ್ತೆಗಳು ಎಷ್ಟು ಹಿತವಾಗಿದ್ದವು ಎಂದರೆ, ಮಧ್ಯಾಹ್ನ ಊಟವಾದ ಕೂಡಲೇ ಕೈ ತುರಿಸುತ್ತಿತ್ತು. ಬೆಟ್ಟದ ತಿರುವಿನಲ್ಲಿ ಕಾರು ಓಡಿಸುವ ಆಟ. ಹಾರನ್ ಇಲ್ಲ, ಗುಂಡಿ ಇಲ್ಲ, ಎದುರಿಗೆ ರಾಂಗ್ ಸೈಡಿನಲ್ಲಿ ಬರುವವರಿಲ್ಲ.

ಆದರೆ ಹೇಳಿಕೊಳ್ಳಲು ನಾಚಿಕೆ. ಟ್ಯೂಷನ್ನಿಗೆ ಬರುವ ಮಕ್ಕಳ ಅಮ್ಮಂದಿರಿಗೆ ನಾನೆಂದರೆ ಕಟ್ಟುನಿಟ್ಟಿನ ಮೇಡಂ. ಮಕ್ಕಳು ಒಳಗೆ ಬರುವಾಗ ಮೊಬೈಲುಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು ಎನ್ನುವ ಕಾನೂನು ನನ್ನದು. ಅಂಥವಳ ಮನೆಯ ಟಿವಿಯ ಕೆಳಗೆ ಆಟದ ಡಬ್ಬ ಇದ್ದರೆ ಮರ್ಯಾದೆ ಏನಾಗಬೇಕು? ಬಚ್ಚಿಡಲು ಜಾಗ ಹುಡುಕಿದೆ. ಟಿವಿ ಇರುವ ಗೋಡೆಯ ಆ ಕಡೆ ನಮ್ಮ ದೇವರ ಮನೆ. ದೀಪಾವಳಿಯ ಸೀರಿಯಲ್ ಸೆಟ್ಟಿನ ವೈರು ಹಾಯಿಸಲೆಂದು ಗೋಡೆಯಲ್ಲಿ ಹಿಂದೆಂದೋ ಕೊರೆಸಿದ ತೂತು ಇತ್ತು. ದೇವರ ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಎಣ್ಣೆ ಬಾಟಲಿ, ಧೂಪದ ಪುಡಿ, ಬತ್ತಿಯ ಡಬ್ಬಿ ಇರುತ್ತಿದ್ದವು. ಅವುಗಳ ಪಕ್ಕದಲ್ಲಿ ಕನ್ಸೋಲ್ ಇಟ್ಟು ವೈರನ್ನು ತೂತಿನಿಂದ ಆ ಕಡೆ ಹಾಯಿಸಿದೆ. ಆ ಕಪಾಟನ್ನು ಹೊರಗಿನವರು ಯಾರೂ ತೆಗೆಯುವುದಿಲ್ಲ. ನಮ್ಮ ಅತ್ತೆಯ ಮಡಿ ಅಂಥದ್ದು.

ಎಂಬತ್ತರ ಅತ್ತೆಗೆ ಮಾತ್ರ ಗುಟ್ಟು ಗೊತ್ತಿತ್ತು. ಅವರದ್ದು ಒಂದೇ ಷರತ್ತು.

“ಸ್ನಾನ ಮಾಡ್ದೆ ಕಪಾಟು ಮುಟ್ಬೇಡ. ನಿನ್ನ ಡಬ್ಬ ಏನಾದ್ರೂ ಮಾಡ್ಕೊ.”

ಹಾಗಾಗಿ ಸ್ನಾನ ಮಾಡಿ, ಕೈಕಾಲು ತೊಳೆದು, ಆಮೇಲೆ ಆಟಕ್ಕೆ ಕೂರುವವಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ ಮಧ್ಯಾಹ್ನ ಮಲಗುವ ಹೊತ್ತಿಗೆ ನಾನು ಬೆಟ್ಟ ಹತ್ತುತ್ತಿದ್ದೆ, ಅವರು ಎದ್ದು ಕಾಫಿ ಕೇಳುವ ಹೊತ್ತಿಗೆ ಇಳಿದಿರುತ್ತಿದ್ದೆ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಹಿಂದಿನ ಕ್ರಾಸಿನಿಂದ ಒಬ್ಬ ಹುಡುಗಿ ಟ್ಯೂಷನ್ನಿಗೆ ಬರುತ್ತಿದ್ದಳು. ಪಿಯುಸಿ. ಚುರುಕು, ಮಾತು ಕಡಿಮೆ. ಒಂದು ದಿನ ಅವಳಮ್ಮ ಅವಳನ್ನು ಕರೆದುಕೊಂಡೇ ಬಂದು ನನ್ನ ಮುಂದೆ ನಿಲ್ಲಿಸಿದರು.

“ನೀವೇ ಬುದ್ಧಿ ಹೇಳಿ ಮೇಡಂ. ನಮ್ಮ ಮಾತು ಕೇಳಲ್ಲ. ಶನಿವಾರ ಬಂದ್ರೆ ಆ ಗೇಮ್ ಮುಂದೆ ಕೂತ್ಬಿಡ್ತಾಳೆ, ಕಿವಿಗೆ ಅದನ್ನ ಸಿಗಿಸ್ಕೊಂಡು ಒಬ್ಬಳೇ ಮಾತಾಡ್ತಾಳೆ.”

“ಒಬ್ಬಳೇ ಅಲ್ಲಮ್ಮ,” ಎಂದಳು ಹುಡುಗಿ. ಅವಳ ಜೊತೆ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿ, ಅಪ್ಪನಿಗೆ ವರ್ಗವಾಗಿ ಪುಣೆಗೆ ಹೋಗಿದ್ದಳಂತೆ. ಇಬ್ಬರೂ ವಾರಕ್ಕೊಮ್ಮೆ ಆಟದೊಳಗೆ ಸೇರಿ, ಏನೋ ಮನೆ ಕಟ್ಟುತ್ತ ವಾರದ ಸುದ್ದಿಯನ್ನೆಲ್ಲ ಮಾತಾಡಿಕೊಳ್ಳುವುದಂತೆ. “ಫೋನಲ್ಲಿ ಆದ್ರೆ ಏನು ಮಾತಾಡ್ಬೇಕು ಗೊತ್ತಾಗಲ್ಲ ಮಿಸ್. ಆಡ್ತಾ ಆಡ್ತಾ ಮಾತು ಬರುತ್ತೆ.”

ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗದಿದ್ದರೆ ಈಗ ಇಷ್ಟು ಸಂಕಟವಿರುತ್ತಿರಲಿಲ್ಲ. ಆದರೆ ಅವಳಮ್ಮ ಎದುರಿಗಿದ್ದರು, ಕಟ್ಟುನಿಟ್ಟಿನ ಮೇಡಂ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು. ನಾನು ಪೀಠಿಕೆ ಹಾಕಿ ಭಾಷಣ ಬಿಗಿದೆ. ಆಟ ಅನ್ನುವುದು ಕೆಲಸವಿಲ್ಲದವರ ಕೆಲಸ, ಅದು ತಲೆಯನ್ನು ಗೆದ್ದಲಿನ ಹಾಗೆ ತಿನ್ನುತ್ತದೆ, ಸ್ನೇಹ ಬೇಕಾದರೆ ಕಾಗದ ಬರಿ ಎಂದೆಲ್ಲ ಹೇಳಿದೆ. ದೇವರ ಮನೆಗೆ ಬೆನ್ನು ಮಾಡಿಕೊಂಡು ಹೇಳಿದೆ. ಹುಡುಗಿ ತಲೆ ತಗ್ಗಿಸಿದಳು. ಆ ವಾರವೇ ಅವಳ ಕನ್ಸೋಲ್ ಅವಳಮ್ಮನ ಬೀರುವಿಗೆ ಹೋಯಿತು. ಅಲ್ಲಿಂದ ವಸಂತಪುರದಲ್ಲಿರುವ ಸೋದರಮಾವನ ಮನೆಗೆ ಕೊಟ್ಟುಬಿಡುವುದೆಂದು ತೀರ್ಮಾನವೂ ಆಯಿತು.

ನನ್ನ ಡಬ್ಬ ಕೈಕೊಡಲು ಶುರುಮಾಡಿದ್ದು ಅದಾದ ಮೇಲೆ. ಒಂದು ಸಂಜೆ ಮಕ್ಕಳು ಸ್ವಲ್ಪ ಬೇಗ ಬಂದರು. ನಾನು ಗಡಿಬಿಡಿಯಲ್ಲಿ ಟಿವಿ ಆರಿಸಿದೆ, ಕನ್ಸೋಲ್ ಆರಿಸಲು ಮರೆತೆ. ಪಾಠ ನಡೆಯುತ್ತಿದ್ದಂತೆ ದೇವರ ಮನೆಯಿಂದ ಸದ್ದು ಬರತೊಡಗಿತು. ಮೊದಲು ಸೊಳ್ಳೆಯಂತೆ ಗುಂಯ್‌ಗುಟ್ಟಿದ್ದು, ಆಮೇಲೆ ಏರುತ್ತ ಏರುತ್ತ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಹಾಗಾಯಿತು.

“ಏನ್ ಮಿಸ್ ಅದು?” ಎಂದು ಮಕ್ಕಳು ಕೇಳಿದರು.

“ಯುಪಿಎಸ್. ಹಳೇದಾಗಿದೆ,” ಎಂದೆ.

ಎಲ್ಲರೂ ಪುಸ್ತಕಕ್ಕೆ ಬಗ್ಗಿದರು. ಹಿಂದಿನ ಕ್ರಾಸಿನ ಹುಡುಗಿ ಮಾತ್ರ ತಲೆಯೆತ್ತಿ ದೇವರ ಮನೆಯ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಒಳಗೆ ಬೀಪ್ ಎಂದು ಸದ್ದಾಗಿ ಎಲ್ಲ ನಿಂತಿತು. ನನ್ನ ಕಿವಿ ಬಿಸಿಯಾಯಿತು.

ಮರುದಿನ ಮಧ್ಯಾಹ್ನ ಹಚ್ಚಿದರೆ, ಮೊದಲ ತಿರುವು ದಾಟುವುದರೊಳಗೆ ಪರದೆಯ ಮೇಲೆ ಎಚ್ಚರಿಕೆ ಬಂತು. ಕನ್ಸೋಲ್ ತೀರಾ ಬಿಸಿಯಾಗಿದೆ, ತಣ್ಣಗಾಗಲು ಬಿಡಿ. ಕಪಾಟಿನಿಂದ ಹೊರಗೆ ತೆಗೆದೆ. ಮುಟ್ಟಿದರೆ ದೋಸೆಯ ಹೆಂಚು. ಮೊಸಾಯಿಕ್ ನೆಲದ ಮೇಲಿಟ್ಟು ಟೇಬಲ್ ಫ್ಯಾನ್ ಹಾಕಿದೆ, ಸ್ವಲ್ಪ ಹೊತ್ತು ನಡೆದು ಮತ್ತೆ ಕಣ್ಣು ಮುಚ್ಚಿತು. ವೈರು ಬದಲಾಯಿಸಿ ನೋಡಿದೆ, ಬೇರೆ ಪ್ಲಗ್ಗಿಗೆ ಹಾಕಿ ನೋಡಿದೆ, ಪಕ್ಕದ ಸೀಳುಗಳನ್ನು ಬ್ರಷ್ಷಿನಿಂದ ಉಜ್ಜಿದೆ. ಸೀಳಿನ ಬಳಿ ಕೈ ಹಿಡಿದರೆ ಒಳಗಿನ ಫ್ಯಾನ್ ಅಷ್ಟು ಅರಚುತ್ತಿದ್ದರೂ ಗಾಳಿಯೇ ಬರುತ್ತಿರಲಿಲ್ಲ. ಅಂದರೆ ಫ್ಯಾನ್ ಕೆಟ್ಟಿಲ್ಲ, ಒಳಗೆ ದಾರಿ ಕಟ್ಟಿಕೊಂಡಿದೆ. ಬಿಚ್ಚದೆ ಗತ್ಯಂತರವಿರಲಿಲ್ಲ.

ರಿಪೇರಿಗೆ ಒಯ್ಯಬಹುದಿತ್ತು. ಆದರೆ ಅಂಗಡಿಯಲ್ಲಿ ಯಾವ ಶಿಷ್ಯ ಎದುರಾಗುತ್ತಾನೋ ಎಂಬ ಭಯ. ಅದರ ಸ್ಕ್ರೂಗಳಿಗೆ ನಕ್ಷತ್ರದಂಥ ತಲೆ, ಮನೆಯ ಸ್ಕ್ರೂಡ್ರೈವರ್ ಕೂರುವುದಿಲ್ಲ. ಸಾರಕ್ಕಿ ಮಾರ್ಕೆಟ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯವರು ಹಲ್ಲುಬಿಟ್ಟು, “ಗೇಮ್ ಬಾಕ್ಸಾ ಆಂಟಿ? ಮಗಂದಾ?” ಎಂದರು. “ಹೂಂ” ಎಂದೆ. ನನಗೆ ಮಗನೇ ಇಲ್ಲ.

ಭಾನುವಾರ ಬೆಳಿಗ್ಗೆ, ಬೆಳಕು ಚೆನ್ನಾಗಿರುತ್ತದೆಂದು ಹಾಲ್‌ನ ಬಾಗಿಲ ಬಳಿಯೇ ಪೇಪರ್ ಹಾಸಿಕೊಂಡು ಕೂತೆ. ಗಂಡ ಕೇರಂಗೆ ಹೋಗಿದ್ದರು. ಅತ್ತೆ ಎಂದಿನಂತೆ ದೇವರ ಮನೆಯ ಹೊಸ್ತಿಲಲ್ಲಿ ಕೂತು ಹತ್ತಿ ಹಿಂಜಿ ಹೂಬತ್ತಿ ಮಾಡುತ್ತಿದ್ದರು. ಮುಚ್ಚಳ ತೆಗೆದು, ಫ್ಯಾನ್ ಬಿಚ್ಚಿ ನೋಡಿದರೆ, ಶಾಖ ಹೋಗಬೇಕಾದ ಲೋಹದ ಎಸಳುಗಳ ಸಂದಿಯಲ್ಲೆಲ್ಲ ಕಪ್ಪು ಕಂಬಳಿಯಂತೆ ಏನೋ ಮೆತ್ತಿಕೊಂಡಿತ್ತು. ಚಿಮುಟದಲ್ಲಿ ಎಳೆದೆ. ಎಳೆ ಎಳೆಯಾಗಿ ಬಂತು. ಹತ್ತಿ. ಅತ್ತೆ ಹಿಂಜುವಾಗ ಹಾರಿದ ಹತ್ತಿಯ ನವಿರನ್ನೆಲ್ಲ ಈ ಡಬ್ಬ ದಿನವೂ ಒಳಗೆಳೆದುಕೊಂಡಿತ್ತು, ಅದರ ಮೇಲೆ ದೀಪದ ಎಣ್ಣೆ ಮಸಿ, ಶುಕ್ರವಾರದ ಸಾಂಬ್ರಾಣಿ ಹೊಗೆ ಕೂತು ಗಟ್ಟಿಯಾಗಿತ್ತು. ಮೂಗಿಗೆ ಹಿಡಿದರೆ ದೇವಸ್ಥಾನದ ಗರ್ಭಗುಡಿಯ ವಾಸನೆ.

“ನಿಮ್ಮ ಬತ್ತಿ ನೋಡಿ ಅತ್ತೆ, ಎಲ್ಲಿ ಹೋಗಿ ಸೇರಿದೆ,” ಎಂದೆ.

“ದೇವರ ಕಾಲ್ಕೆಳಗೆ ತಂದಿಟ್ಟೋಳು ನೀನು. ದೀಪ ಹಚ್ಬೇಡ ಅನ್ನೋಕಾಗುತ್ತಾ?” ಎಂದರು ಅತ್ತೆ.

ಒಳಗಿನ ಚಿಪ್‌ನ ಮೇಲೆ, ಅದರ ಶಾಖ ಎಸಳುಗಳಿಗೆ ದಾಟಲೆಂದು ಹಚ್ಚಿದ್ದ ಪೇಸ್ಟು ಒಣಗಿದ ಗಂಧದಂತೆ ಬಿರುಕು ಬಿಟ್ಟಿತ್ತು. ಅದನ್ನು ಒರೆಸಿ ಹೊಸದು ಹಚ್ಚುತ್ತಿದ್ದೆ. ಬೆರಳ ತುದಿಯೆಲ್ಲ ಬೂದು ಬಣ್ಣ, ಮೂಗಿನ ಮೇಲೆ ಮಸಿ. ಆಗ ಗೇಟು ಸದ್ದಾಯಿತು. ಹಿಂದಿನ ಕ್ರಾಸಿನ ಹುಡುಗಿ, ಅವಳಮ್ಮ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದ್ದರಂತೆ, ಪ್ರಸಾದ ಕೊಡಲು ಬಂದಿದ್ದರು. ಬಾಗಿಲು ತೆರೆದೇ ಇತ್ತು, ಬಚ್ಚಿಡಲು ಸಮಯವಿರಲಿಲ್ಲ.

ಅವಳಮ್ಮ ಪೇಪರಿನ ಮೇಲಿದ್ದದ್ದನ್ನು ನೋಡಿದರು. ಅವರ ಮುಖ ಅರಳಿತು.

“ಯಾರೋ ಸ್ಟೂಡೆಂಟ್‌ದು ಕಿತ್ಕೊಂಡು ಬಿಚ್ಚೇ ಹಾಕ್ಬಿಟ್ಟಿದೀರಲ್ಲ ಮೇಡಂ! ಹಿಂಗಿರ್ಬೇಕು ಟೀಚರ್ ಅಂದ್ರೆ. ನಮ್ಮನೇದೂ ಅಷ್ಟೆ, ನಾಳೆ ನಮ್ಮಣ್ಣ ಬಂದು ತಗೊಂಡ್ ಹೋಗ್ತಾನೆ. ಅಲ್ಲಿಗೆ ಪೀಡೆ ಕಳೀತು.”

ಆಗ ಹೇಳಬೇಕಿತ್ತು. ನನ್ನದು ಎನ್ನುವ ಒಂದು ಮಾತು ಸಾಕಿತ್ತು. ಕೈಯಲ್ಲಿ ಪೇಸ್ಟು, ಮೂಗಿನಲ್ಲಿ ಮಸಿ, ಸಾಕ್ಷಿಗೆ ಅತ್ತೆ. ಬಾಯಿ ತೆರೆದೆ. ತೆರೆದ ಬಾಯಲ್ಲಿ ನಗು ಬಂತೇ ಹೊರತು ಮಾತು ಬರಲಿಲ್ಲ.

ಹುಡುಗಿ ಬಗ್ಗಿ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಹತ್ತಿಯ ಗುಪ್ಪೆಯನ್ನು ನೋಡಿದಳು, ಬತ್ತಿ ಹೊಸೆಯುತ್ತಿದ್ದ ಅತ್ತೆಯನ್ನು ನೋಡಿದಳು, ತೆರೆದಿದ್ದ ದೇವರ ಕಪಾಟನ್ನು ನೋಡಿದಳು. ಎಲ್ಲ ಅವಳಿಗೆ ತಿಳಿಯಿತು. ನನಗೊಂದು ದಾರಿ ಮಾಡಿಕೊಡುವಂತೆ ಮೆಲ್ಲಗೆ ಕೇಳಿದಳು.

“ಇದು ಯಾರ್ದು ಮಿಸ್?”

“ಒಬ್ಬ ಹುಡುಗಂದು,” ಎಂದೆ. “ಪರೀಕ್ಷೆ ಮುಗಿದ್ಮೇಲೆ ವಾಪಸ್ ಕೊಡ್ತೀನಿ.”

ಅವಳು ಪ್ರಸಾದದ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ನನ್ನ ಕಾಲಿಗೂ ಬಗ್ಗಿದಳು. ಆಗ ನಾನು ಕೂತಿದ್ದ ನೆಲ ಬಿರಿಯಬಾರದೇ ಅನ್ನಿಸಿತು.

ಗೇಟು ಮುಚ್ಚಿದ ಮೇಲೆ ಅತ್ತೆ ಹತ್ತಿಯಿಂದ ಕಣ್ಣೆತ್ತದೆ ಹೇಳಿದರು. “ದೇವರ ಮನೇಲಿ ಇಟ್ಕೊಂಡೆ, ನಾನೇನೂ ಅನ್ಲಿಲ್ಲ. ದೇವರ ಮುಂದೆ ಕೂತ್ಕೊಂಡು ಆ ಮಗೂಗೆ ಸುಳ್ಳು ಹೇಳಿದ್ಯಲ್ಲ, ಅದು ನಂಗೆ ಸರಿ ಬರ್ಲಿಲ್ಲ.”

ಅತ್ತೆ ನನ್ನನ್ನು ಬೈದದ್ದು ಕಡಿಮೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಬಿಸಿನೀರು ಬೆರೆಸಿಕೊಂಡು ಉಣ್ಣುವವರು. ನಾನು ಸ್ಕ್ರೂಗಳನ್ನು ಬಿಗಿಮಾಡಿ, ಟಿವಿಗೆ ಸಿಗಿಸಿ ಹಚ್ಚಿದೆ. ಫ್ಯಾನ್ ಸದ್ದೇ ಇಲ್ಲ. ಸೀಳಿನಲ್ಲಿ ಕೈ ಹಿಡಿದರೆ ಬೆಚ್ಚನೆಯ ಗಾಳಿ ಧಾರಾಳವಾಗಿ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಅವತ್ತು ಬೆಟ್ಟದ ರಸ್ತೆ ತೆರೆದುಕೊಂಡಿತು, ಕಾರು ನಿಂತಿತ್ತು, ನನಗೆ ಓಡಿಸಲಾಗಲಿಲ್ಲ. ಆರಿಸಿದೆ.

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಹಿಂದಿನ ಕ್ರಾಸಿಗೆ ಹೋದೆ. ಅವರ ಮನೆಯ ಮುಂದೆ ಸೋದರಮಾವನ ಕಾರು ನಿಂತಿತ್ತು. ಹಾಲ್‌ನಲ್ಲಿ ಕನ್ಸೋಲ್ ಒಂದು ಬಟ್ಟೆ ಅಂಗಡಿಯ ಚೀಲದಲ್ಲಿ ತಯಾರಾಗಿ ಕೂತಿತ್ತು. ಇನ್ನೂ ಹೊತ್ತು ಮೀರಿಲ್ಲ ಎಂದು ಸಮಾಧಾನವಾಯಿತು. ಕಾಫಿ ಬೇಡವೆಂದು, ನಿಂತೇ ಹೇಳಿದೆ.

“ನಿನ್ನೆ ನೋಡಿದ್ರಲ್ಲ, ಅದು ನಂದು. ನಾನೇ ಆಡೋದು. ದಿನಾ ಆಡ್ತೀನಿ. ಅವಳಿಗೆ ಅವತ್ತು ಬೈದಿದ್ದು ತಪ್ಪು. ದಯವಿಟ್ಟು ಅದನ್ನ ಕಳಿಸ್ಬೇಡಿ.”

ಅವಳಮ್ಮ ಒಂದು ಗಳಿಗೆ ನನ್ನ ಮುಖ ನೋಡಿ ಗೊಳ್ಳೆಂದು ನಕ್ಕರು. ಅವರಣ್ಣನೂ ನಕ್ಕರು.

“ಇವಳು ಅಳ್ತಾ ಬಂದು ನಿಮ್ಮನ್ನ ಒಪ್ಪಿಸಿದ್ಲಾ ಮೇಡಂ?”

“ಇಲ್ಲ, ನಿಜವಾಗ್ಲೂ. ಬೇಕಾದ್ರೆ ನಮ್ಮ ಅತ್ತೇನ ಕೇಳಿ.”

“ಅಯ್ಯೋ, ಪಾಪ ದೊಡ್ಡೋರನ್ನೂ ಸೇರಿಸ್ಕೊಂಡಿದೀರಾ? ಯಾರೋ ಹುಡುಗಂದು ಅಂತ ನಿಮ್ಮ ಬಾಯಲ್ಲೇ ಹೇಳಿದ್ರಿ, ನಾನೇ ಕೇಳಿಸ್ಕೊಂಡೆ. ನಿಮ್ಮ ಒಳ್ಳೆ ಮನಸ್ಸು ನಂಗೊತ್ತು ಮೇಡಂ. ಆದ್ರೂ ಅವಳಿಗೆ ನೀವು ಇಷ್ಟು ಸಲಿಗೆ ಕೊಡ್ಬಾರ್ದು.”

ಎಷ್ಟು ಹೇಳಿದರೂ ನನ್ನ ಕರುಣೆ ದೊಡ್ಡದಾಗುತ್ತ ಹೋಯಿತೇ ಹೊರತು ನಿಜ ನಿಜವಾಗಲಿಲ್ಲ. ಇಷ್ಟು ವರ್ಷ ಜೋಪಾನ ಮಾಡಿದ ಮರ್ಯಾದೆ ನನ್ನ ಮಾತಿಗೇ ಅಡ್ಡ ನಿಂತಿತ್ತು. ಹುಡುಗಿ ಚೀಲವನ್ನು ಎತ್ತಿಕೊಂಡು ತಾನೇ ಕಾರಿಗೆ ಒಯ್ದಳು. ಹಿಂದಿನ ಸೀಟಿನಲ್ಲಿಟ್ಟು, ಜಾರದಂತೆ ಬೆಲ್ಟ್ ಹಾಕಿದಳು. ಕಾರು ತಿರುವು ದಾಟುವವರೆಗೂ ನಾವಿಬ್ಬರೂ ಗೇಟಿನ ಬಳಿ ನಿಂತಿದ್ದೆವು.

“ನಾನು ನಿಜಾನೇ ಹೇಳಿದ್ದು ಕಣೇ,” ಎಂದೆ.

“ಗೊತ್ತು ಮಿಸ್,” ಎಂದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು. “ನಿನ್ನೆ ಹೇಳಿದ್ರೆ ಅಮ್ಮ ನಂಬ್ತಿದ್ರು.”