ಪ್ರಭಾವತಿ ಮೌಶಿಯ ಪರಾತ

ನೀವು ದಿನನಿತ್ಯ ನುಂಗುವ ಮಾತ್ರೆಗಳೆಲ್ಲವನ್ನೂ ಒಂದೇ ಸಲ, ಒಂದೇ ಕಡೆ ಇಟ್ಟು ನೋಡಿದವರು ಈ ಜಗತ್ತಿನಲ್ಲಿ ಒಬ್ಬರಾದರೂ ಇದ್ದಾರೆಯೇ? ಸಕ್ಕರೆ ಕಾಯಿಲೆಯ ವೈದ್ಯರು ಸಕ್ಕರೆಯ ಮಾತ್ರೆಯನ್ನು ಬಲ್ಲರು, ಮೊಣಕಾಲಿನ ವೈದ್ಯರು ಮೊಣಕಾಲಿನದನ್ನು. ಎಲ್ಲವನ್ನೂ ಕೂಡಿಸಿ ಬಲ್ಲವರು ಯಾರು? ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ಔಷಧದ ಅಂಗಡಿ ನಡೆಸುತ್ತಿದ್ದ ಪ್ರಭಾವತಿ ಮೌಶಿ ಈ ಪ್ರಶ್ನೆಯನ್ನು ಪ್ರತಿ ಗಿರಾಕಿಗೂ ಕೇಳುತ್ತಿದ್ದರು, ಅದೂ ಒಂದು ಪರಾತವನ್ನು ಮುಂದೆ ತಳ್ಳಿ.

ಹಿಟ್ಟು ನಾದುವ ಅಗಲವಾದ ಸ್ಟೀಲಿನ ಪರಾತ ಅದು. ನೀವು ಚೀಟಿ ಚಾಚಿದರೆ ಅವರು ಚೀಟಿಯನ್ನು ಮುಟ್ಟುತ್ತಿರಲಿಲ್ಲ. “ಮೊದಲ ಚೀಲ ಸುರೀರಿ” ಎನ್ನುತ್ತಿದ್ದರು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ತಂದು ಆ ಪರಾತದಲ್ಲಿ ಸುರಿಯದವರಿಗೆ ಅಲ್ಲಿ ಹೊಸ ಮಾತ್ರೆ ಸುಲಭವಾಗಿ ಸಿಗುತ್ತಿರಲಿಲ್ಲ. ಸುರಿದ ಮೇಲೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಜೋಳದಲ್ಲಿ ಹರಳು ಆರಿಸುವ ಹಾಗೆ ಒಂದೊಂದೇ ಮಾತ್ರೆಯ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತಿದ್ದರು.

ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಆಡುತ್ತಿದ್ದ ಅವರನ್ನು ಊರಿನವರೆಲ್ಲ ತಾಯಿಯ ತಂಗಿಯನ್ನು ಕರೆಯುವ ಹಾಗೆ ಮೌಶಿ ಎಂದೇ ಕರೆಯುತ್ತಿದ್ದರು. ನಾನು ಮೊದಲ ಸಲ ಅಲ್ಲಿಗೆ ಹೋದ ದಿನ ಔರಾದ ಕಡೆಯ ರುಮಾಲಿನ ಹಿರಿಯರೊಬ್ಬರು ನನ್ನ ಮುಂದೆ ನಿಂತು ಸಿಡುಕುತ್ತಿದ್ದರು.

“ಏನ್ ಮೌಶಿ, ಒಂದು ಗುಳಿಗಿ ಕೇಳಿದ್ರ ಚೀಲದ್ದು ಪೂರಾ ಝಡತಿ ತಗೋತೀರಿ. ಪೊಲೀಸ್ ಇದ್ದೀರೇನು ನೀವು?”

“ಪೊಲೀಸ್ರು ಕಳುವಾದ ಮ್ಯಾಲೆ ಬರ್ತಾರ ಕಾಕಾ. ನಾ ಮೊದಲ ಬಂದೀನಿ. ಸುರೀರಿ.”

ಹಿರಿಯರು ಗೊಣಗುತ್ತ ಸುರಿದರು. ಮೌಶಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರು: “ಇದು ಯಾರು ಕೊಟ್ಟಾರ? ಇದು ಯಾರು?”

“ಅದು ಬೀದರದವ್ರು, ಇದು ಉದಗೀರದವ್ರು. ಇಬ್ರೂ ಭಾಳ ಶಾಣ್ಯಾ ಡಾಕ್ಟರು ನೋಡ್ರಿ.”

“ಶಾಣ್ಯಾರ ಅದಾರ, ಅದಕ್ಕ ಇಬ್ರೂ ಒಂದ ಗುಳಿಗಿ ಬರದಾರ. ಹೆಸರು ಬ್ಯಾರೆ, ಒಳಗಿಂದು ಒಂದ. ಬೀಪೀದು ಡಬಲ್ ನುಂಗ್ಲತ್ತೀರಿ ಕಾಕಾ. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದಲ್ಲ?”

ಹಿರಿಯರು ಹೌದೆಂದು ತಲೆಯಾಡಿಸಿದರು. ಮೌಶಿ ಆಗಲೇ ಬೀದರದ ವೈದ್ಯರಿಗೆ ಫೋನ್ ಹಚ್ಚಿದ್ದರು. “ಸಾಹೇಬ್ರ, ನಾ ಶಾಣ್ಯಾಕಿ ಅಂತ ಫೋನ್ ಮಾಡಿಲ್ರಿ. ಕಾಕಾ ನಿಮ್ಮ ಮುಂದ ಅರ್ಧಾ ಮಾತು ಹೇಳ್ಯಾರ, ಉಳಿದರ್ಧಾ ನಾ ಹೇಳ್ತೇನಿ” ಎಂಬುದು ಅವರು ವೈದ್ಯರೊಡನೆ ಮಾತಿಗೆ ತೊಡಗುತ್ತಿದ್ದ ರೀತಿ.

ಇಲ್ಲಿ ನಮ್ಮ ಜಿಲ್ಲೆಯ ಒಂದು ರೂಢಿಯನ್ನು ಹೇಳಬೇಕು. ನಾವು ಗಡಿಯ ಜನ. ಒಂದು ಬೇನೆಗೆ ಬೀದರಕ್ಕೆ ಹೋದರೆ ಇನ್ನೊಂದಕ್ಕೆ ಮಹಾರಾಷ್ಟ್ರದ ಉದಗೀರಕ್ಕೆ, ಮತ್ತೊಂದಕ್ಕೆ ಹೈದರಾಬಾದಿಗೆ ಬಸ್ಸು ಹತ್ತುತ್ತೇವೆ. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬ ವೈದ್ಯರ ಮುಂದೆ ತೆಗೆಯುವುದು ಅವರಿಗೆ ಮಾಡುವ ಅಪಮಾನವೆಂದು ಭಾವಿಸಿ, ಮರ್ಯಾದೆಗೋಸ್ಕರ ಅದನ್ನು ಚೀಲದ ತಳದಲ್ಲಿ ಅಡಗಿಸುತ್ತೇವೆ. ಮೂರು ರಾಜ್ಯಗಳ ಔಷಧಗಳು ಮೊದಲ ಸಲ ಭೇಟಿಯಾಗುವುದು ನಮ್ಮ ಹೊಟ್ಟೆಯಲ್ಲಿಯೇ.

ನಾನು ಬೀದರದ ಕಾಲೇಜೊಂದರಲ್ಲಿ ಉಪನ್ಯಾಸಕ. ಸಂತಪುರದ ಕುರಿಗಾರ ಮನೆತನದಲ್ಲಿ ಹುಟ್ಟಿ, ಚರ್ಚಾಸ್ಪರ್ಧೆಗಳಲ್ಲಿ ಮಾತು ಕಲಿತು, ಆ ಮಾತನ್ನು ಸಮಾಜಕ್ಕೆ ಸಲ್ಲಿಸಬೇಕೆಂದು ವ್ಯಸನಮುಕ್ತಿಯ ಭಾಷಣಗಳನ್ನು ಮಾಡಿಕೊಂಡು ಬಂದವನು. ಒಂದು ವರ್ಷ ನನಗೆ ತರಗತಿಯ ಬಾಗಿಲು ದಾಟುವುದೇ ಅಸಾಧ್ಯವಾಯಿತು. ಊಟ ಸೇರದು, ನಿದ್ರೆ ಹತ್ತದು, ಯಾವ ಕಾರಣವೂ ಇಲ್ಲದೆ ಬದುಕು ಬೇಡವೆನಿಸುವುದು. ಪತ್ನಿ ಸುಜಾತಾ ನನ್ನನ್ನು ಬೀದರದ ಮನೋವೈದ್ಯೆಯೊಬ್ಬರ ಬಳಿ ಕರೆದೊಯ್ದಳು. ಅವರು ಬರೆದ ಖಿನ್ನತೆಯ ಮಾತ್ರೆ ನನ್ನನ್ನು ನಿಧಾನವಾಗಿ ಕರಿಹಲಗೆಯ ಮುಂದೆ ಮರಳಿ ನಿಲ್ಲಿಸಿತು. ಆದರೆ ಆ ಮಾತ್ರೆಯನ್ನು ನಾನು ವಾಸವಿರುವ ಬೀದರದ ನೌಬಾದದಲ್ಲಿ ಕೊಳ್ಳುವ ಧೈರ್ಯ ನನಗಿರಲಿಲ್ಲ. ಗುರುತಿನವರು ನೋಡಿಯಾರೆಂದು ಭಾಲ್ಕಿಯ ಬಸ್ಸು ಹತ್ತುತ್ತಿದ್ದೆ. ಮೌಶಿಯ ಪರಿಚಯಕ್ಕೆ ನನ್ನ ಈ ಅಳುಕೇ ಕಾರಣ.

ಅವರು ನನ್ನ ಚೀಟಿ ನೋಡಿ ಕಾಯಿಲೆಯ ಮಾತೆತ್ತಲಿಲ್ಲ. “ಬೀದರದಾಗ ಅಂಗಡಿ ಬಂದ್ ಅದಾವೇನ್ರಿ ಮಾಸ್ತರ?” ಎಂದಷ್ಟೇ ಹೇಳಿ ನಕ್ಕರು. ನಾನು ಪ್ರಯಾಣದ ಅನುಕೂಲ, ಬಸ್ಸಿನ ಸಮಯ, ಊರಿನ ಹವೆ ಎಂದು ಮೂರು ಕಾರಣಗಳನ್ನು ಒಪ್ಪಿಸಿದೆ. “ಮೂರು ಯಾಕ, ಒಂದ ಖರೇ ಇದ್ದಿದ್ರ ಸಾಕಿತ್ತು” ಎಂದರು.

ಹೀಗಿರುವಾಗ ಔರಾದದ ಕಾಲೇಜಿನಲ್ಲಿ ನನ್ನ ಭಾಷಣವಾಯಿತು. ಸಭಾಂಗಣ ತುಂಬಿತ್ತು. ಕೊನೆಯಲ್ಲಿ ಅಂತಿಮ ವರ್ಷದ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಒಂದ ದಿನಾ ಬಿಟ್ರ ಇರಲಿಕ್ಕಿ ಆಗೂದಿಲ್ಲ, ಅಂಥಾದ್ದೆಲ್ಲಾ ವ್ಯಸನಾನೇ ಏನ್ರಿ? ಗುಳಿಗೀನೂ?” ಚರ್ಚಾಪಟುವಿಗೆ ಚಿಕ್ಕ ಉತ್ತರದ ಆಸೆ ಬಹಳ. “ನಿಸ್ಸಂದೇಹವಾಗಿ. ಯಾವುದರ ಮೇಲೆ ನೀವು ಅವಲಂಬಿತರೋ ಅದರ ಗುಲಾಮರು” ಎಂದೆ. ಚಪ್ಪಾಳೆ ಬಿತ್ತು. ಹುಡುಗಿ ಚಪ್ಪಾಳೆ ತಟ್ಟದೆ ಕುಳಿತಳು. ಆಗ ನನ್ನ ಅಂಗಿಯ ಜೇಬಿನಲ್ಲಿ ನನ್ನದೇ ಮಾತ್ರೆಯ ಪಟ್ಟಿ ಇತ್ತು. ನುಡಿ ನಡೆ ಒಂದಾಗಬೇಕೆಂಬ ಹಟದಲ್ಲಿ ಔರಾದದ ಬಸ್ ನಿಲ್ದಾಣದ ಕಸದ ಡಬ್ಬಿಗೆ ಅದನ್ನು ಎಸೆದು ಬಸ್ಸು ಹತ್ತಿದೆ. ಆ ಕ್ಷಣ ನನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮೂರನೆಯ ದಿನ ಸಂಕಟ ಶುರುವಾಯಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಸಣ್ಣ ಕರೆಂಟು ಹೊಡೆದಂತಾಗುವುದು. ನಿಂತ ನೆಲ ತೂಗುವುದು, ಮೈಯೆಲ್ಲ ನೋವು, ಕಾರಣವಿಲ್ಲದ ಅಳು. ಚಹಾ ಆರಿದೆಯೆಂದು ಸುಜಾತಾಳ ಮೇಲೆ ಕೂಗಾಡಿದೆ. ಆಕೆ, “ಗುಳಿಗಿ ಬಿಟ್ಟೀರೇನು?” ಎಂದಾಗ ಸುಳ್ಳು ಹೇಳಿದೆ. ಈ ಯಾತನೆಯೇ ಮಾತ್ರೆ ವ್ಯಸನವೆಂಬುದಕ್ಕೆ ಪುರಾವೆಯೆಂದು ನನ್ನೊಡನೆಯೇ ವಾದಿಸಿ ಗೆದ್ದೆ. ಮೈನೋವು ತಾಳದೆ ಬೇರೊಬ್ಬ ವೈದ್ಯರಲ್ಲಿಗೆ ಹೋದೆ. ಖಿನ್ನತೆಯ ಮಾತು ಎತ್ತಲಿಲ್ಲ. ಅವರಿಗೆ ಗೊತ್ತಾಗುವ ಬಗೆಯೆಂತು? ಅವರು ಬಲವಾದ ನೋವಿನ ಮಾತ್ರೆಯೊಂದನ್ನು ಬರೆದರು.

ಎಂಟನೆಯ ದಿನ ಸೋತು, ಹಳೆಯ ಮಾತ್ರೆಯನ್ನು ಮತ್ತೆ ಮೊದಲಿನಷ್ಟೇ ತೆಗೆದುಕೊಳ್ಳುವುದೆಂದು ನಿರ್ಧರಿಸಿ ಭಾಲ್ಕಿಗೆ ಹೋದೆ. ಬೆಳಿಗ್ಗೆಯಷ್ಟೇ ನೋವಿನ ಮಾತ್ರೆ ನುಂಗಿದ್ದೆ. ಹಳೆಯದು ಕೈಗೆ ಸಿಕ್ಕರೆ ಅಲ್ಲಿಯೇ ನೀರು ಕೇಳಿ ನುಂಗುವವನಿದ್ದೆ.

ಮೌಶಿ ನನ್ನ ಮುಖ ನೋಡಿದರು. ಪರಾತವನ್ನು ತಳ್ಳಿದರು.

“ಮೌಶಿ, ನನ್ನ ಹತ್ರ ಏನಿಲ್ರಿ. ಹಳೇ ಗುಳಿಗೀನ ಬೇಕಾಗ್ಯದ, ಜಲ್ದಿ ಕೊಡ್ರಿ.”

“ಕೊಡ್ತೇನಿ. ಚೀಲ ಸುರೀರಿ.”

“ಪುಸ್ತಕ ಅದಾವ್ರಿ ಬರೇ.”

“ಪುಸ್ತಕಾನೇ ಸುರೀರಿ. ನಾನೂ ಜರಾ ಓದ್ತೇನಿ.”

ಪುಸ್ತಕಗಳ ನಡುವಿನಿಂದ ನೋವಿನ ಮಾತ್ರೆಯ ಪಟ್ಟಿ ಜಾರಿತು. ಮೌಶಿ ಅದನ್ನು ಎತ್ತಿ ಹೆಸರು ಓದಿದರು. ಮುಖದ ನಗು ಹೋಯಿತು.

“ಎಂದ ಬಿಟ್ಟೀರಿ ಹಳೇದು?”

ಹೇಳಿದೆ. ಭಾಷಣವನ್ನೂ ಹೇಳಿದೆ, ಕಸದ ಡಬ್ಬಿಯನ್ನೂ ಹೇಳಿದೆ.

“ನೋವಿನ ಗುಳಿಗಿ ಎಲ್ಲಾ ಹಿಂಗ ಇರೂದಿಲ್ರಿ ಮಾಸ್ತರ. ಇದೊಂದು ನಿಮ್ಮ ಹಳೇ ಗುಳಿಗಿ ಜೋಡಿ ಕೂಡಿದ್ರ ಮೈ ಬೆವತು, ನಡಗಿ, ಜ್ವರಾ ಏರಿ, ಫಿಟ್ಸ್ ಬಂದ್ರೂ ಬಂದ್ವು. ಎರಡೂ ಒಂದ ಹೊಟ್ಟ್ಯಾಗ ಹಾಕಿ ಇಲ್ಲಿಂದ ಬಸ್ ಹತ್ತೋರಿದ್ರಿ ನೀವು.” ಅವರು ಫೋನ್ ಎತ್ತಿದರು. “ನಾ ಡಾಕ್ಟರಲ್ಲ. ನಿಮ್ಮ ಮೇಡಂಗ ಹಚ್ತೇನಿ, ನೀವೇ ಮಾತಾಡ್ರಿ. ಭಾಷಣಾ ಬ್ಯಾಡ, ಖರೇ ಹೇಳ್ರಿ.”

ಮನೋವೈದ್ಯೆ ನೋವಿನ ಮಾತ್ರೆಯನ್ನು ನಿಲ್ಲಿಸಿ, ಹಳೆಯದನ್ನೂ ತಾವು ನೋಡುವವರೆಗೆ ಮುಟ್ಟದೆ, ನೇರವಾಗಿ ತಮ್ಮ ಬಳಿಗೆ ಬರಲು ಹೇಳಿದರು. ನಾನು ಒಬ್ಬನೇ ಬಸ್ಸಿನಲ್ಲಿ ಹೋಗುವುದು ಬೇಡವೆಂದು ಮೌಶಿ ಸುಜಾತಾಳನ್ನು ಕರೆಸಿದರು. ಆಕೆ ಬರುವತನಕ ನಾನು ಅಂಗಡಿಯ ಬೆಂಚಿನ ಮೇಲೆ ಕುಳಿತು, ಕೆಟ್ಟ ಚಟವಿದ್ದಂತೆ, ವಾದಕ್ಕಿಳಿದೆ. “ಬಿಟ್ರ ಇಷ್ಟು ಸಂಕಟ ಆಗ್ತದ ಅಂದ್ರ ಅದು ವ್ಯಸನಾ ಅಲ್ದ ಮತ್ತೇನ್ರಿ ಮೌಶಿ?”

“ನಿಮ್ಮ ಅಪ್ಪಾರು ಕುರಿ ಸಾಕ್ತಾರಲ್ಲ. ಬ್ಯಾಸಗಿ ತುಂಬ ಒಣಾ ಮೇವು ತಿಂದ ಕುರೀನ, ಮಳಿ ಆಗಿ ಹಸರ ಚಿಗರಿದ್ ಕೂಡ್ಲೆ ಹೊಟ್ಟಿ ತುಂಬ ಮೇಯಲಿಕ್ಕಿ ಬಿಡ್ತಾರೇನು?”

“ಇಲ್ರಿ. ಹೊಟ್ಟಿ ಉಬ್ಬಿ ಸಾಯ್ತಾವ. ದಿನಾ ಜರಾ ಜರಾ ರೂಢಿ ಮಾಡಸ್ತಾರ.”

“ಹಂಗಾದ್ರ ಒಣಾ ಮೇವು ಕುರೀ ವ್ಯಸನೇನು?”

ಎಷ್ಟೋ ಪಾರಿತೋಷಕಗಳನ್ನು ಗೆದ್ದ ನಾನು ಪರಾತದಲ್ಲಿ ಬಿದ್ದಿದ್ದ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದೆ. ದೇಹ ಒಂದಕ್ಕೆ ಹೊಂದಿಕೊಳ್ಳುವುದು ಬೇರೆ, ಮನಸ್ಸು ಒಂದರ ಚಟಕ್ಕೆ ಬೀಳುವುದು ಬೇರೆ ಎಂಬುದನ್ನು ಮನೋವೈದ್ಯೆಯೂ ಅದೇ ಸಂಜೆ ಶಾಸ್ತ್ರೀಯವಾಗಿ ತಿಳಿಸಿದರು. ಆದರೆ ನನ್ನ ಅಹಂಕಾರ ಕರಗಿದ್ದು ಕುರಿಯ ಮುಂದೆ.

ಮಾತ್ರೆಯನ್ನು ವೈದ್ಯೆಯ ಸೂಚನೆಯಂತೆ ಮತ್ತೆ ಆರಂಭಿಸಿದೆ. ಮುಂದೆ ನಾನು ಗಟ್ಟಿಯಾದ ಮೇಲೆ ಅವರೇ ಅದನ್ನು ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಪ್ರತಿ ಇಳಿಕೆಗೂ ಚೀಟಿ ಹಿಡಿದು ಹೋದಾಗ ಮೌಶಿ ಕೇಳುತ್ತಿದ್ದರು: “ನಿದ್ದಿ ಹ್ಯಾಂಗ? ತಲ್ಯಾಗ ಕರೆಂಟು ಬರ್ತದೇನು? ಸುಜಾತಾನ ಮ್ಯಾಲೆ ಒದರಿದ್ರೇನು?” ಮೂರನೆಯ ಉತ್ತರಕ್ಕಾಗಿ ಅವರು ನನ್ನನ್ನು ನಂಬದೆ ಸುಜಾತಾಳಿಗೆ ಫೋನ್ ಮಾಡುತ್ತಿದ್ದರು. ಒಮ್ಮೆ ಕರೆಂಟು ಮರಳಿತು, ವೈದ್ಯೆ ಒಂದು ಹೆಜ್ಜೆ ಹಿಂದೆ ಸರಿದು ಪ್ರಮಾಣವನ್ನು ಮತ್ತೆ ಏರಿಸಿದರು. ನಾನು ಸೋತ ಮುಖದಿಂದ ನಿಂತಾಗ ಮೌಶಿ, “ಇದು ಎಕ್ಸ್‌ಪ್ರೆಸ್ ಬಸ್ ಅಲ್ರಿ ಮಾಸ್ತರ, ಹಳ್ಳಿ ಹಳ್ಳಿಗಿ ನಿಂತು ಹೋಗೋದು. ಕೂಡ್ರಿ ಸುಮ್ನ” ಎಂದರು. ಅವರೇ ಇನ್ನೊಂದು ದಿನ, “ಎಲ್ರಿಗೂ ಬಿಡಿಸೂದು ಇರೂದಿಲ್ಲ. ಕೆಲವರಿಗಿ ಕಾಯಂ ಬೇಕಾಗ್ತದ. ಅದ್ರಾಗ ನಾಚಿಕಿ ಏನದ, ನನಗ ಚಷ್ಮಾ ಕಾಯಂ ಅದ” ಎಂದು ನನ್ನ ಇನ್ನೊಂದು ಭಾಷಣವನ್ನು ಹುಟ್ಟುವ ಮೊದಲೇ ತಡೆದರು.

ಪರಾತದ ಈ ಪದ್ಧತಿ ಹೇಗೆ ಹುಟ್ಟಿತೆಂದು ನಾನು ಕೇಳಿದ್ದು ಒಂದೇ ಸಲ. ಮೌಶಿ ಅಂಗಡಿಯ ಗಾಜು ಒರೆಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ನಮ್ಮ ಯಜಮಾನ್ರಿಗಿ ರಕ್ತಾ ತೆಳ್ಳಗಾಗೋ ಗುಳಿಗಿ ಹೈದರಾಬಾದದವ್ರು ಬರದಿದ್ರು. ಸೊಂಟಾ ನೋವು ಅಂತ ಉದಗೀರದವ್ರು ಇನ್ನೊಂದು ಬರದ್ರು. ಎರಡೂ ಚೀಟಿ ಖರೇ. ಎರಡೂ ಗುಳಿಗಿ ನಾನ ಈ ಕೈಲೆ ಕೊಟ್ಟೀನಿ, ಒಂದು ಸೋಮವಾರ, ಒಂದು ಗುರುವಾರ. ಕೂಡಿಸಿ ನೋಡಲಿಲ್ಲ. ಹೊಟ್ಟ್ಯಾಗ ರಕ್ತಾ ಸೋರಿ ಹೋದ್ರು.” ಗಾಜು ಒರೆಸಿ ಮುಗಿಸಿ ನನ್ನ ಕಡೆ ತಿರುಗಿದರು. “ನಿಮಗ ಒಂದು ಕೇಳ್ತೇನಿ. ಆ ಔರಾದದ ಹುಡುಗಿ ‘ಗುಳಿಗೀನೂ?’ ಅಂತ ಯಾಕ ಕೇಳಿದಳು?”

ಆ ಪ್ರಶ್ನೆಯನ್ನು ನಾನು ಅದುವರೆಗೆ ನನಗೆ ಕೇಳಿಕೊಂಡಿರಲಿಲ್ಲ.

“ಆಕೀ ಮನ್ಯಾಗ ಯಾರೋ ನುಂಗ್ತಿರಬೇಕು. ಇಲ್ಲಾ ಆಕೀನ ನುಂಗ್ತಿರಬೇಕು. ನಿಮ್ಮ ಮಾತು ಕೇಳಿ ಯಾರ್ಯಾರು ಗುಳಿಗಿ ಒಗದಾರೋ ಏನೋ. ನಿಮಗ ನಾ ಸಿಕ್ಕೆ. ಅವರಿಗಿ ಯಾರು ಸಿಕ್ಕಾರು? ಹೋಗಿ ತಪ್ಪಾಗ್ಯದಂತ ಹೇಳಿ ಬರ್ರಿ.”

ಹೋಗುತ್ತೇನೆಂದೆ. ಹೋಗಲಿಲ್ಲ. ಪರೀಕ್ಷೆಯ ಕೆಲಸ, ಮದುವೆಗಳ ಸುಗ್ಗಿ, ಪ್ರಾಂಶುಪಾಲರ ಬದಲಾವಣೆ ಎಂದು ಪ್ರತಿ ಭೇಟಿಗೊಂದು ಕಾರಣ ಒಪ್ಪಿಸಿದೆ. ನಿಜವಾದ ಕಾರಣ ಒಂದೇ. ಅದೇ ವೇದಿಕೆಯ ಮೇಲೆ ನಿಂತು, ನಾನೂ ಆ ಮಾತ್ರೆ ನುಂಗಿದವನು, ಅಂದು ಹೇಳಿದ್ದು ತಪ್ಪು ಎನ್ನುವ ಎದೆ ನನಗಿರಲಿಲ್ಲ. ಮೌಶಿ ಬೈಯಲಿಲ್ಲ. ಚಿಲ್ಲರೆ ಕೊಡುವಾಗ “ಔರಾದ?” ಎಂದು ಒಂದೇ ಪದ ಕೇಳುತ್ತಿದ್ದರು.

ಕೊನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಆ ಸಲ ಚಪ್ಪಾಳೆ ಬೀಳಲಿಲ್ಲ. ಇಬ್ಬರು ವಿದ್ಯಾರ್ಥಿಗಳು ಕಾರ್ಯಕ್ರಮದ ನಂತರ ಪ್ರತ್ಯೇಕವಾಗಿ ಬಂದು ಮಾತನಾಡಿದರು. ಆದರೆ ಸಭಾಂಗಣದಲ್ಲಿದ್ದವರು ಹೊಸಬರು. ಅಂದು ಅಂತಿಮ ವರ್ಷದಲ್ಲಿದ್ದವರು ಓದು ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಆ ಹುಡುಗಿಯ ಹೆಸರು ಯಾರಿಗೂ ನೆನಪಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಈ ವರದಿಯನ್ನು ಒಪ್ಪಿಸಲು ಹೋದಾಗ ಮೌಶಿ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಮನೆಯಲ್ಲಿ ಹಾಸಿಗೆಯ ಮೇಲೆ ದಿಂಬಿಗೊರಗಿ ಕುಳಿತಿದ್ದರು, ಮುಖ ಬಾಡಿತ್ತು. ಪೂರ್ತಿ ಕೇಳಿಸಿಕೊಂಡರು.

“ಹಳಬರು ಒಬ್ರೂ ಸಿಗಲಿಲ್ಲೇನು?”

“ಇಲ್ರಿ ಮೌಶಿ. ತಡಾ ಮಾಡಿಬಿಟ್ಟೆ.”

“ತಡಾ ಆಗ್ಯದ, ಖರೇ.” ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. “ನಿಮಗ ಬರೀಲಿಕ್ಕಿ ಬರ್ತದಲ್ಲ. ಬರೀರಿ. ಓದಿದವರು ಅವರಿಗಿ ಮುಟ್ಟಸ್ತಾರ.”

ಅದೇ ನಮ್ಮ ಕೊನೆಯ ಭೇಟಿ. ಮಳೆಗಾಲ ಹಿಡಿಯುವ ಮೊದಲೇ ಅವರು ತೀರಿಹೋದರು. ಅವರು ಹೇಳಿದ ಕೆಲಸದಲ್ಲಿ ಉಳಿದರ್ಧವನ್ನು, ಆ ಹಳಬರಿಗೆ ತಲುಪಿಸುವುದನ್ನು, ನಾನೊಬ್ಬನೇ ಮುಗಿಸಲಾರೆ. ಅದಕ್ಕಾಗಿ ಓದುಗರಲ್ಲಿ ಬೇಡುತ್ತೇನೆ: ಔರಾದದ ಆ ಸಭೆಯಲ್ಲಿದ್ದವರು ನಿಮ್ಮ ಬಳಗದಲ್ಲಿದ್ದರೆ, ಅಥವಾ ಖಿನ್ನತೆಯ ಮಾತ್ರೆ ನುಂಗುವವರು ಯಾರೇ ನಿಮ್ಮ ಪರಿಚಯದವರಿದ್ದರೆ, ಇಂದೇ ಅವರನ್ನು ಮಾತನಾಡಿಸಿ. ಭಾಷಣ ಮಾಡಿದ ಮಾಸ್ತರ ಹೇಳಿದ್ದು ತಪ್ಪು ಎಂದು ತಿಳಿಸಿ. ತಾವಾಗಿಯೇ ಮಾತ್ರೆ ಬಿಡಬೇಡಿರೆಂದು, ಬಿಟ್ಟಿದ್ದರೆ ತಾವಾಗಿಯೇ ಮತ್ತೆ ಆರಂಭಿಸದೆ, ಬರೆದುಕೊಟ್ಟ ವೈದ್ಯರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿರೆಂದು ತಿಳಿಸಿ. ಅವರಿಗೆ ಒಬ್ಬರೇ ಹೋಗಲು ಅಳುಕಿದ್ದರೆ, ದಯವಿಟ್ಟು ಜೊತೆಗೆ ಹೋಗಿ.